ಇಡ್ಲಿ ತಟ್ಟೆಯಲ್ಲಿ ಹದಿನಾರು ಲಿಫ್ಟರ್

ಇಡ್ಲಿ ತಟ್ಟೆಗಳು ಕಾಣೆಯಾಗಿವೆ ಎಂದು ಗೊತ್ತಾಗುವ ಹೊತ್ತಿಗೆ ಹಿಟ್ಟು ಉಕ್ಕಿ ಪಾತ್ರೆಯ ಅಂಚು ದಾಟಿತ್ತು. ಅಡುಗೆಮನೆಯನ್ನೆಲ್ಲ ಜಾಲಾಡಿದೆ. ಕೊನೆಗೆ ಗ್ಯಾರೇಜಿನ ಬಾಗಿಲು ತೆಗೆದರೆ, ನನ್ನ ಗಂಡ ಹಳೆಯ ಪಿಕಪ್ ಟ್ರಕ್ಕಿನ ಬಾನೆಟ್ಟಿನೊಳಗೆ ಅರ್ಧ ಇಳಿದು ನಿಂತಿದ್ದರು. ಪಕ್ಕದ ಬೆಂಚಿನ ಮೇಲೆ ನನ್ನ ನಾಲ್ಕೂ ತಟ್ಟೆಗಳಿದ್ದವು. ಇಡ್ಲಿ ಕೂರಬೇಕಾದ ಒಂದೆರಡು ಗುಳಿಯಲ್ಲಿ ಆಗಲೇ ಕರಿ ಎಣ್ಣೆ ಮೆತ್ತಿದ ಉಕ್ಕಿನ ತುಂಡುಗಳು ಮಲಗಿದ್ದವು.

"ರೀ, ಏನ್ರೀ ಇದು?"

"ಹದಿನಾರು ಲಿಫ್ಟರು, ಹದಿನಾರು ಗುಳಿ. ಇದಕ್ಕಿಂತ ಒಳ್ಳೇ ಟ್ರೇ ಎಲ್ಲಿ ಸಿಗುತ್ತೆ ಹೇಳು," ಎಂದರು, ತಲೆ ಎತ್ತದೆ.

ಬೇರೆ ದಿನವಾಗಿದ್ದರೆ ನನ್ನ ಬಾಯಿಗೆ ಅವರು ಸಿಕ್ಕಿ ಹಣ್ಣಾಗುತ್ತಿದ್ದರು. ಅಂದು ಬಾಯಿ ಮುಚ್ಚಿಕೊಂಡು ಒಳಗೆ ಬಂದು ಆ ಹಿಟ್ಟಿನಲ್ಲಿ ದೋಸೆ ಹುಯ್ದೆ. ಅವರು ಬಿಚ್ಚುತ್ತಿದ್ದದ್ದು ಬರೀ ಎಂಜಿನ್ ಅಲ್ಲ ಎಂದು ನನಗೆ ಗೊತ್ತಿತ್ತು.

ಊರು ಬಿಟ್ಟು ಈ ದೇಶದ ಸ್ಟರ್ಲಿಂಗ್ ಹೈಟ್ಸ್‌ಗೆ ಬಂದಾಗಿನಿಂದ ರಿಟೈರ್ ಆಗುವವರೆಗೂ ಅವರು ಎಂಜಿನ್ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದವರು. ಕಳೆದ ಚಳಿಗಾಲದ ಒಂದು ಬೆಳಗ್ಗೆ ಹಾಲು ತರುತ್ತೇನೆಂದು ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ಕಾರ್ಖಾನೆಯ ಗೇಟಿನ ಕಾವಲುಗಾರ ಫೋನ್ ಮಾಡಿದ. ಹಳೆಯ ಬ್ಯಾಡ್ಜ್ ಹಿಡಿದು, ಗೇಟು ಯಾಕೆ ತೆರೆಯುತ್ತಿಲ್ಲ ಎಂದು ಅವನ ಮೇಲೆ ರೇಗುತ್ತಿದ್ದರಂತೆ. ಹೋಗಿ ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಮನೆ ಹತ್ತಿರ ಬಂದಾಗ, "ಹಾಲು ಮರೆತೆ," ಎಂದರು.

ಮರೆವಿನ ಕಾಯಿಲೆಯ ಶುರು ಎಂದರು ಡಾಕ್ಟರು. ಕಾರು ಓಡಿಸಬಹುದೇ ಎಂದು ಕೇಳಿದರೆ, ಮನೆಯವರು ಗಮನಿಸುತ್ತಿರಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ದೂರದ ಇಟಾಸ್ಕಾದಲ್ಲಿ ಕೆಲಸ ಮಾಡುವ ಮಗಳು ಫೋನಿನಲ್ಲಿ, "ಮಾಮ್, ಜಸ್ಟ್ ಟೇಕ್ ದ ಕೀಸ್," ಎಂದಳು. ಹೇಳುವುದು ಸುಲಭ. ಇಷ್ಟು ವರ್ಷ ನನ್ನನ್ನು ಹಿಮದಲ್ಲಿ, ಮಂಜಿನಲ್ಲಿ, ಹೆರಿಗೆ ನೋವಿನಲ್ಲಿ ಕರೆದುಕೊಂಡು ಹೋದ ಕೈಯಿಂದ ಕೀ ಕಸಿಯುವುದು ಹೇಗೆ?

ಆದರೂ ಕೇಳಿದೆ. ಅವರು ಕೂಗಾಡಲಿಲ್ಲ. ಒಂದು ಕರಾರು ಮುಂದಿಟ್ಟರು.

"ಟ್ರಕ್ಕಿನ ಎಂಜಿನ್ ಟಕಟಕ ಅಂತಿದೆ. ಲಿಫ್ಟರ್ ಎಲ್ಲಾ ಬಿಚ್ಚಿ, ಕ್ಲೀನ್ ಮಾಡಿ, ಒಂದೊಂದನ್ನೂ ಅದರದರ ಜಾಗಕ್ಕೇ ವಾಪಸ್ ಹಾಕ್ತೀನಿ. ಬರ್ಕೊಳಲ್ಲ, ಫೋಟೋ ತೆಗೆಯಲ್ಲ. ಒಂದು ಆಚೀಚೆ ಆದ್ರೂ ಕೀ ನಿಂದು. ಆಗ್ಲಿಲ್ಲ ಅಂದ್ರೆ, ನೀನಾಗ್ಲಿ ಮಗಳಾಗ್ಲಿ ಮತ್ತೆ ಈ ಮಾತು ಎತ್ತಬಾರದು."

"ಸರಿಯಾಗಿ ಹಾಕಿದ್ರಾ ಅಂತ ನಂಗೆ ಹೇಗೆ ಗೊತ್ತಾಗುತ್ತೆ?"

"ಎಂಜಿನ್ ಹೇಳುತ್ತೆ. ಅದು ಸುಳ್ಳು ಹೇಳಲ್ಲ."

ಲಿಫ್ಟರ್ ಅಂದರೆ ಹೆಬ್ಬೆರಳು ಗಾತ್ರದ ಉಕ್ಕಿನ ತುಂಡು. ಕೆಳಗೆ ತಿರುಗುವ ಕ್ಯಾಮ್ ಶಾಫ್ಟಿನ ಉಬ್ಬಿನ ಮೇಲೆ ಕೂತು, ಏರಿ ಇಳಿದು, ವಾಲ್ವ್ ತೆರೆಯುವುದು ಅದರ ಕೆಲಸ. ಅಂಥ ಹಳೆಯ ಎಂಜಿನ್ನಿನಲ್ಲಿ ಒಂದೊಂದು ಲಿಫ್ಟರೂ ತನ್ನ ಉಬ್ಬಿನ ಜೊತೆ ಉಜ್ಜಿ ಉಜ್ಜಿ ಹೊಂದಿಕೊಂಡಿರುತ್ತದಂತೆ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಎರಡೂ ಬೇಗ ಸವೆದು ಹಾಳಾಗುತ್ತವೆ. ಗಂಡ ಹೆಂಡತಿ ಇದ್ದ ಹಾಗೆ ಎಂದು ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ.

ಒಪ್ಪಿಕೊಂಡೆ. ಸೋಲುತ್ತಾರೆ ಎಂದುಕೊಂಡೇ ಒಪ್ಪಿಕೊಂಡೆ. ಸೋತರೆ ಆ ಮುಖ ನೋಡುವುದು ಹೇಗೆ ಎಂಬ ಹೆದರಿಕೆಯೂ ಇತ್ತು.

ತಟ್ಟೆಗಳಿಗಾಗಿ ಜಗಳವಾಡದೆ ಬಂದದ್ದು ಅದಕ್ಕೇ. ಮಾರನೆಯ ದಿನದಿಂದ ನಾನೂ ಗ್ಯಾರೇಜಿನಲ್ಲಿ ಕೂರತೊಡಗಿದೆ. ಕೊತ್ತಂಬರಿ ಸೊಪ್ಪು ಬಿಡಿಸುವ ನೆಪ. ಸವೆದ ಎಂಜಿನ್ನಿನಲ್ಲಿ ಎಣ್ಣೆ ಸುಟ್ಟು, ತಳ ಹಿಡಿದ ಬೆಲ್ಲದ ಪಾಕದಂತೆ ಗಟ್ಟಿಯಾಗಿ, ಲಿಫ್ಟರುಗಳನ್ನು ಅವುಗಳ ತೂತಿನಲ್ಲೇ ಕಚ್ಚಿ ಹಿಡಿದಿತ್ತು. ಜೋರಾಗಿ ಎಳೆದರೆ ತೂತಿನ ಗೋಡೆ ಕೆರೆದುಹೋಗುತ್ತದೆ, ಆಮೇಲೆ ಎಂಜಿನ್ನೇ ಗುಜರಿಗೆ. ಅವರು ಅಂಟು ಬಿಡಿಸುವ ಎಣ್ಣೆಯನ್ನು ತೊಟ್ಟು ತೊಟ್ಟಾಗಿ ಬಿಡುತ್ತಿದ್ದರು. ಕಾಯುತ್ತಿದ್ದರು. ಇಕ್ಕಳದಲ್ಲಿ ಹಿಡಿದು ಒಂದಿಷ್ಟು ತಿರುಗಿಸಿ, ಕೂದಲೆಳೆಯಷ್ಟು ಮೇಲಕ್ಕೆತ್ತಿ, ಮತ್ತೆ ಕೆಳಗೆ ಒತ್ತುತ್ತಿದ್ದರು. ಮತ್ತೆ ಎಣ್ಣೆ. ಕೈ ಎಲ್ಲೂ ತಡವರಿಸುತ್ತಿರಲಿಲ್ಲ. ಆ ಕೈ ನೋಡಿದವರು ಇವರಿಗೆ ಕಾಯಿಲೆ ಎಂದರೆ ನಂಬುತ್ತಿರಲಿಲ್ಲ.

ನನಗೆ ಹೆದರಿಕೆಯಾಗುತ್ತಿದ್ದದ್ದು ಆಮೇಲೆ. ಕಳಚಿ ಬಂದ ಲಿಫ್ಟರನ್ನು ಹಿಡಿದು ಬೆಂಚಿನ ಕಡೆ ತಿರುಗುವಾಗ ಕೈ ತಟ್ಟೆಗಳ ಮೇಲೆ ಗಾಳಿಯಲ್ಲಿ ನಿಲ್ಲುತ್ತಿತ್ತು. ಒಂದು ತಟ್ಟೆಗೆ ಎರಡು ಸಿಲಿಂಡರಿನ ನಾಲ್ಕು ಲಿಫ್ಟರು ಎಂಬುದು ಅವರ ಲೆಕ್ಕ. ಯಾವ ತಟ್ಟೆ ಯಾವ ಕಡೆಯದು ಎಂಬುದು ಅವರ ತಲೆಯಲ್ಲಿ ಮಾತ್ರ ಇತ್ತು. ಒಮ್ಮೆ ಮೂರನೆಯ ತಟ್ಟೆಯತ್ತ ಹೋದ ಕೈ ಹಿಂದೆ ಸರಿದು ಎರಡನೆಯದರಲ್ಲಿ ಇಟ್ಟಿತು. ಯಾವುದು ಸರಿ ಎಂದು ನನಗೆ ತಿಳಿಯದು. ಅವರು ನನ್ನ ಕಡೆ ನೋಡಿದರು. ನಾನು ಸೊಪ್ಪಿನ ಕಡೆ ನೋಡಿದೆ.

ನವರಾತ್ರಿಗೆಂದು ಅರೋರಾ ಊರಿನಿಂದ ನನ್ನ ಅಕ್ಕ ಬಂದಳು. ಅವಳಿಗೆ ನಾವು ಏನೂ ಹೇಳಲಿಲ್ಲ. ಅಕ್ಕನಿಗೆ ಹೇಳಿದರೆ ಅಲ್ಲಿನ ದೇವಸ್ಥಾನದ ಕ್ಯಾಂಟೀನಿನಲ್ಲಿ ಡಂಗುರ ಹೊಡೆಸಿದ ಹಾಗೆ.

ಅವಳು ಬಂದ ಮರುದಿನ ಒಂದೇ ಒಂದು ಲಿಫ್ಟರ್ ಬಾಕಿ ಉಳಿದಿತ್ತು. ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಬೆಳಗ್ಗೆಯಿಂದ ಎಣ್ಣೆ ಬಿಟ್ಟು ಕಾದದ್ದಷ್ಟೇ ಬಂತು. ಅವರ ಕತ್ತಿನ ನರ ಉಬ್ಬತೊಡಗಿತು. ಇಕ್ಕಳ ಬಿಸಾಡಿ, ಲಿಫ್ಟರನ್ನು ಹೊರಕ್ಕೆಳೆಯುವ ಸರಳನ್ನು ಸಿಕ್ಕಿಸಿ, ಅದರ ಮೇಲೆ ಜಾರುವ ತೂಕದಿಂದ ಒಂದೇಟು ಹೊಡೆದರು. ಇನ್ನೊಂದು ಹೊಡೆದರು.

"ಬಿಡ್ರೀ! ತೂತು ಕೆರೆದು ಹೋಗುತ್ತೆ ಅಂತ ನೀವೇ ಹೇಳಿದ್ರಲ್ಲ!"

ಅವರ ಕೈ ನಿಂತಿತು. ಸರಳನ್ನು ಕೆಳಗಿಟ್ಟು, ಮತ್ತಷ್ಟು ಎಣ್ಣೆ ಬಿಟ್ಟರು. "ಊಟ ಆಗ್ಲಿ, ನೆನೀಲಿ," ಎಂದರು. ಊಟ ಮಾಡಿ ಮಲಗಿದರು. ಹಬ್ಬಕ್ಕೆ ತೆಂಗಿನಕಾಯಿ ತರಲು ನಾನು ಅಂಗಡಿಗೆ ಹೋದೆ.

ವಾಪಸ್ ಬಂದಾಗ ಅಡುಗೆಮನೆಯಲ್ಲಿ ಹುಣಸೆಹಣ್ಣಿನ ವಾಸನೆ. ಕಟ್ಟೆಯ ಮೇಲೆ ನಾಲ್ಕು ಇಡ್ಲಿ ತಟ್ಟೆಗಳು ಫಳಫಳ ಹೊಳೆಯುತ್ತಾ ಬೋರಲಾಗಿದ್ದವು. ಪಕ್ಕದ ಸ್ಟೀಲ್ ಬೋಗುಣಿಯಲ್ಲಿ ಲಿಫ್ಟರುಗಳು ಒಂದರ ಮೇಲೊಂದು ಬಿದ್ದಿದ್ದವು, ತೊಳೆದು, ಒರೆಸಿ, ಶುಭ್ರವಾಗಿ.

"ಅಕ್ಕಿ ಮೂಟೆ ತರಕ್ಕೆ ಗ್ಯಾರೇಜಿಗೆ ಹೋದೆ ಕಣೇ," ಎಂದಳು ಅಕ್ಕ, ಹೆಮ್ಮೆಯಿಂದ. "ನೋಡ್ತೀನಿ, ಅಮ್ಮ ಕೊಟ್ಟ ತಟ್ಟೆ! ಎದೆ ಒಡೆದುಹೋಯ್ತು. ಸೋಪಿಗೆ ಹೋಗ್ಲಿಲ್ಲ, ಹುಣಸೆಹಣ್ಣು ಹಾಕಿ ತಿಕ್ಕಿದೆ. ಆ ಕಬ್ಬಿಣದ್ದೂ ತೊಳೆದಿಟ್ಟಿದೀನಿ. ಮೈಯೆಲ್ಲಾ ಎಣ್ಣೆ ವಾಸನೆ, ಸ್ನಾನ ಮಾಡಿ ಬರ್ತೀನಿ."

ತಟ್ಟೆಗಳನ್ನೂ ಬೋಗುಣಿಯನ್ನೂ ಎತ್ತಿಕೊಂಡು ಗ್ಯಾರೇಜಿಗೆ ಓಡಿದೆ. ಏನು ಮಾಡುವುದಕ್ಕೆ? ಗೊತ್ತಿಲ್ಲ. ಒಂದನ್ನು ಎತ್ತಿ ನೋಡಿದೆ, ಇನ್ನೊಂದನ್ನು ಎತ್ತಿ ನೋಡಿದೆ. ನನ್ನ ಕಣ್ಣಿಗೆ ಎಲ್ಲವೂ ಒಂದೇ.

"ನಾನೇ ತೆಗೆದ್ನಾ?"

ಹಿಂದೆ ಅವರು ನಿಂತಿದ್ದರು. ನಿದ್ದೆಯಿಂದ ಎದ್ದ ಕೆದರಿದ ಕೂದಲು. ಖಾಲಿ ತಟ್ಟೆ ನೋಡಿದರು, ಬೋಗುಣಿ ನೋಡಿದರು. ಕೈ ತಾನಾಗಿ ಜೇಬಿಗೆ ಹೋಗಿ ಕೀಗೊಂಚಲನ್ನು ಹೊರಗೆ ತೆಗೆಯಿತು.

ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿತ್ತು. ನಾನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಇವರು ಎಲ್ಲಿ ಯಾರ ಮಗುವಿನ ಮೇಲೆ ಗಾಡಿ ಹತ್ತಿಸುತ್ತಾರೋ ಎಂದು ನಿದ್ದೆಗೆಟ್ಟ ರಾತ್ರಿಗಳೆಲ್ಲ ಅಲ್ಲಿಗೆ ಮುಗಿಯುತ್ತಿದ್ದವು. ಕೀ ಹಿಡಿದ ಕೈ ನನ್ನ ಕಡೆ ಚಾಚಿತ್ತು. ನಾನೂ ಕೈ ಚಾಚುವುದರಲ್ಲಿದ್ದೆ. ಆದರೆ ಆ ಕಣ್ಣು. ತನ್ನ ಮೇಲೆ ತನಗೇ ಹೆದರಿಕೆ ಹುಟ್ಟಿದ ಆ ಕಣ್ಣನ್ನು ನೋಡಿ ಸುಮ್ಮನಿರಲು ನನ್ನಿಂದಾಗಲಿಲ್ಲ.

"ನೀವಲ್ಲ. ಅಕ್ಕ ತೊಳೆದಿದ್ದು."

ಅವರು ನಕ್ಕರು. ಕೆಟ್ಟ ನಗು. "ಬೇಡ ಬಿಡೇ. ನನ್ನ ಸಮಾಧಾನಕ್ಕೆ ಹೇಳ್ಬೇಡ. ತೆಗೆದು, ತೊಳೆದು, ಒರೆಸೂ ಇಟ್ಟಿದೀನಿ. ಒಂದಿಷ್ಟೂ ನೆನಪಿಲ್ಲ."

"ರೀ, ನಾನು ಯಾವತ್ತು ನಿಮ್ಮ ಸಮಾಧಾನಕ್ಕೆ ಮಾತಾಡಿದೀನಿ?"

ಮಹಡಿ ಹತ್ತಿ ಬಚ್ಚಲಮನೆಯ ಬಾಗಿಲು ಬಡಿದೆ. ಅಕ್ಕ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಗ್ಯಾರೇಜಿಗೆ ಬಂದಳು. ಯಾಕೆ ಕರೆದೆ ಎಂದು ಹೇಳುವ ಮೊದಲೇ, ಅವರನ್ನು ಕಂಡವಳೇ ಶುರುಮಾಡಿದಳು.

"ಏನ್ರೀ, ಓದಿದವರು ನೀವು! ಇಡ್ಲಿ ತಟ್ಟೇಲಿ ಯಾರಾದ್ರೂ ಎಂಜಿನ್ ಬೇಯಿಸ್ತಾರೇನ್ರೀ? ತಿಕ್ಕೀ ತಿಕ್ಕೀ ನನ್ನ ರಟ್ಟೆ ಬಿದ್ದುಹೋಯ್ತು! ಈ ಉಗುರು ನೋಡಿ!"

ಅವರು ಆ ಉಗುರುಗಳನ್ನು ನೋಡಿದರು. ಸಂದಿಯಲ್ಲಿ ಕರಿ ಇನ್ನೂ ಇತ್ತು. ಬೆಂಚಿಗೆ ಒರಗಿ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ತಪ್ಪಾಯ್ತು ಅಕ್ಕಾ, ತಪ್ಪಾಯ್ತು," ಎಂದರು. ಅಕ್ಕ ಗೊಣಗುತ್ತಾ ಒಳಗೆ ಹೋದಳು.

ನಗು ನಿಂತ ಮೇಲೆ ಟ್ರಕ್ಕಿನ ಕಡೆ ತಿರುಗಿ, ಇಕ್ಕಳ ಎತ್ತಿಕೊಂಡು ಆ ಕೊನೆಯ ಲಿಫ್ಟರನ್ನು ಹಿಡಿದು ತಿರುಗಿಸಿದರು. ಅಷ್ಟು ಹೊತ್ತು ನೆನೆದದ್ದಕ್ಕೋ ಏನೋ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು.

"ಇದೊಂದು ಎಲ್ಲಿದು ಅಂತ ಗೊತ್ತು ನಂಗೆ," ಎಂದರು.

"ಉಳಿದವು?"

"ಹೋಯ್ತು. ಹೊಸದು ತರಿಸ್ಬೇಕು, ಕ್ಯಾಮೂ ಹೊಸದು. ಹೊಸ ಲಿಫ್ಟರ್ ಎಲ್ಲಿ ಬೇಕಾದ್ರೂ ಕೂರುತ್ತೆ. ಅದಕ್ಕಿನ್ನೂ ತನ್ನದು ಅಂತ ಜಾಗ ಇರಲ್ಲ."

ಕೈ ಒರೆಸಿಕೊಂಡು ಕೀಗೊಂಚಲನ್ನು ನನ್ನ ಅಂಗೈಯಲ್ಲಿಟ್ಟರು. ನಾನು ಬೇಡ ಎಂದೆ. ಪರೀಕ್ಷೆ ಕೆಟ್ಟದ್ದು ಅಕ್ಕನಿಂದ, ನಿಮ್ಮಿಂದಲ್ಲ ಎಂದೆ.

"ಅದಲ್ಲ. ನಾನೇ ಮಾಡಿದೆ ಅಂತ ನಂಬಿಬಿಟ್ಟೆ ನೋಡು. ಒಂದು ಕ್ಷಣಾನೂ ಅನುಮಾನ ಬರ್ಲಿಲ್ಲ. ಇಂಥ ತಲೆ ಇಟ್ಕೊಂಡು ರಸ್ತೆಗೆ ಇಳೀಬಾರದು." ನನ್ನ ಬೆರಳುಗಳನ್ನು ಕೀಗೊಂಚಲಿನ ಮೇಲೆ ಮಡಚಿ, "ನೀನು ಸುಮ್ನಿದ್ದಿದ್ರೂ ಕೀ ಸಿಗ್ತಿತ್ತು," ಎಂದರು.

"ಗೊತ್ತು."

"ನಾಳೆ ನಾನು ಕೇಳ್ತೀನಿ. ಕೊಡಬೇಡ."

ಮರುದಿನ ಬೆಳಗ್ಗೆ ಅಕ್ಕ ಹಟ ಹಿಡಿದು ಅದೇ ತಟ್ಟೆಗಳಲ್ಲಿ ಇಡ್ಲಿ ಮಾಡಿದಳು. ಎಣ್ಣೆಯ ವಾಸನೆ ಬರುತ್ತದೇನೋ ಎಂದು ಮೂಸಿ ಮೂಸಿ ತಿಂದೆ. ಅವರು ತಿನ್ನುತ್ತಿದ್ದವರು ನಡುವೆ ನಿಲ್ಲಿಸಿ, ಎಡಗೈಯಲ್ಲಿ ಜೇಬು ತಡವಿಕೊಂಡರು.

"ನನ್ನ ಕೀ ನೋಡಿದ್ಯಾ?"

"ನನ್ನ ಹತ್ರ ಇದೆ."

"ಯಾಕೆ?"

"ನೀವೇ ಕೊಟ್ರಿ."

ಅವರು ನನ್ನ ಮುಖವನ್ನೇ ನೋಡಿದರು. ಅಕ್ಕ ಸಾಂಬಾರಿನ ಸೌಟು ಹಿಡಿದು ನಿಂತಿದ್ದಳು. ನಾನು ಕಣ್ಣು ತಗ್ಗಿಸಲಿಲ್ಲ.

"ನೀನು ಹೇಳಿದ್ಮೇಲೆ ಸರಿ," ಎಂದು, ಇನ್ನೊಂದು ಇಡ್ಲಿಗೆ ತಟ್ಟೆ ಮುಂದೆ ಮಾಡಿದರು.