ಹಣ್ಣಿನ ತಟ್ಟೆ ಹಿಡಿದ ಹೆಂಗಸು

ನಂಜನಗೂಡಿನಲ್ಲಿ ನಮ್ಮಪ್ಪ ಚಿನ್ನದ ರೇಕು ಅಂಟಿಸಿ ದೇವರ ಪಟ ಬರೆಯುತ್ತಿದ್ದ. ಪ್ಲೇಗಿಗೆ ಹೆದರಿ ಊರಿಗೆ ಊರೇ ಆಚೆಯ ಗುಡಿಸಲುಗಳಿಗೆ ಹೋದ ವರ್ಷ, ಅವ್ವ ಅಲ್ಲೇ ತೀರಿಕೊಂಡಳು. ನನಗಿನ್ನೂ ಹಾಲುಹಲ್ಲು. ಅವಳ ಬಟ್ಟೆಬರೆಯನ್ನೆಲ್ಲ ಸುಟ್ಟರು. ಪಿತೃಪಕ್ಷ ಬಂದಾಗ ಕಳಶದ ಮುಂದಿಟ್ಟು ಎಡೆ ಹಾಕಲು ಅವಳದೊಂದು ಸೀರೆಯೂ ಇರಲಿಲ್ಲ.

"ಅವ್ವನ ಪಟ ಬರಿ" ಎಂದು ನಾನು ಹಟ ಹಿಡಿದೆ. ಅಪ್ಪ ಕೂತ. ಬರೆದದ್ದು ಲಕ್ಷ್ಮಿಯಾಯಿತು. ಅಳಿಸಿ ಬರೆದ, ಪಾರ್ವತಿಯಾದಳು. ಅಳತೆ ಹಿಡಿದು ದೇವರ ಮುಖ ಬರೆದೂ ಬರೆದೂ ಅವನ ಕೈಗೆ ಮನುಷ್ಯರ ಮುಖವೇ ಮರೆತುಹೋಗಿತ್ತು. ಮೂರು ಲೋಕದ ದೇವತೆಯರು ಕರೆದರೆ ಬರುತ್ತಿದ್ದರು, ಕಟ್ಟಿಕೊಂಡ ಹೆಂಡತಿ ಬರಲಿಲ್ಲ. ಕುಂಚ ಎಸೆದು ಗೋಡೆಗೆ ಮುಖ ಮಾಡಿ ಅತ್ತ. ಅಪ್ಪ ಅಳುವುದನ್ನು ಅದೇ ಮೊದಲು ನೋಡಿದ್ದು, ಹೆದರಿಬಿಟ್ಟೆ.

ಆಗ ರೈಲಿನಲ್ಲಿ ಬೊಂಬಾಯಿ ಅಚ್ಚಿನ ಪಟಗಳು ಪೇಟೆಗೆ ಬಂದಿಳಿಯುತ್ತಿದ್ದವು. ಅಪ್ಪನ ಅನ್ನಕ್ಕೆ ಕಲ್ಲು ಹಾಕಿದ್ದೇ ಅವು. ಅವುಗಳ ಹೆಸರೆತ್ತಿದರೆ ಉರಿದುಬೀಳುತ್ತಿದ್ದವನು ಒಂದು ದಿನ ತಾನೇ ಒಂದನ್ನು ಎದೆಗವಚಿಕೊಂಡು ತಂದ. ಹಣ್ಣಿನ ತಟ್ಟೆ ಹಿಡಿದ ಯಾವಳೋ ಹೆಂಗಸು.

"ಕೆನ್ನೆ ನೋಡವ್ವ, ನಿಮ್ಮವ್ವಂದೇ ಅಲ್ವಾ?"

ನಾನು ಹೂಂ ಎಂದೆ. ಅಪ್ಪ ಅದಕ್ಕೆ ಅವ್ವನ ಮೂಗುಬೊಟ್ಟು ಬರೆದು, ಸೆರಗಿನಂಚಿಗೆ ರೇಕು ಅಂಟಿಸಿ, ಮುಂದೆ ಎಡೆ ಇಟ್ಟ. ನಾನು ದಿನಾ ಅದನ್ನು ನೋಡುತ್ತಲೇ ಉಂಡೆ, ನೋಡುತ್ತಲೇ ಮಲಗಿದೆ.

ಆಮೇಲೆ ಶುರುವಾಯಿತು ಗೋಳು. ಅದೇ ಹೆಂಗಸು ಎಣ್ಣೆ ಅಂಗಡಿಯ ಗೋಡೆಯ ಮೇಲೆ, ಕ್ಷೌರದ ಜಗಲಿಯಲ್ಲಿ. ಹೋಗಿಬರುವವರೆಲ್ಲ ಅವಳನ್ನು ನೋಡಿ ಹಲ್ಲುಕಿರಿಯುವುದನ್ನು ಅಪ್ಪನಿಗೆ ಸಹಿಸಲಾಗಲಿಲ್ಲ. ತನ್ನ ಹೆಂಡತಿಯನ್ನೇ ಬೀದಿಯಲ್ಲಿ ನಿಲ್ಲಿಸಿದ್ದಾರೆಂದು ಕುದಿದ. ಪಟದಂಗಡಿಯಲ್ಲಿದ್ದಷ್ಟನ್ನೂ ಕೊಂಡು ತಂದು ಅಟ್ಟಕ್ಕೆ ತುಂಬಿದ. ಮತ್ತೆ ಹೋದಾಗ ಅಂಗಡಿಯವನಿಗೆ ಸಂತೋಷವೋ ಸಂತೋಷ.

"ಚಿತ್ರಗಾರ್ರೇ, ಈ ಪಟ ಬಾಳ ಓಯ್ತದೆ ಅಂತ ಇನ್ನೂ ದೊಡ್ಡ ಕಟ್ಟು ತರ್ಸಿವ್ನಿ ಕಣ್ರೀ. ನರಸೀಪುರದ ಸಂತೆಗೂ ಕಳ್ಸಿವ್ನಿ."

ಅಪ್ಪ ನರಸೀಪುರಕ್ಕೆ ಓಡಿದ, ಬನ್ನೂರಿಗೂ ಹೋದ. ಕೊಂಡಷ್ಟೂ ಅವಳು ಹೆಚ್ಚಿದಳು. ಉಳಿದಿದ್ದ ರೇಕನ್ನೂ ಮಾರಿದ. ಮನೆಯಲ್ಲಿ ಗಂಜಿಗೂ ಗತಿಯಿಲ್ಲದೆ, ನನ್ನನ್ನು ಕರೆದೊಯ್ಯಲು ನರಸೀಪುರದಿಂದ ಅವ್ವನ ತಾಯಿ ಬಂದಳು. ಬಂದವಳು ಗೋಡೆಯ ಪಟ ನೋಡಿದಳು.

"ಇದ್ಯಾರಪ್ಪ?"

"ನಿಮ್ಮ ಮಗಳು."

ಅಜ್ಜಿ ಹತ್ತಿರ ಹೋಗಿ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಲ್ಲ ಕಣಪ್ಪ. ನನ್ ಮಗ್ಳಿಗೆ ಮುಂದ್ಲ ಹಲ್ಲು ಉಬ್ಬಿತ್ತು. ಬಾಯಿ ಮುಚ್ಚೋಕೇ ಆಗ್ತಿರ್ಲಿಲ್ಲ. ಯಾವಾಗ್ಲೂ ನಗ್ತಾ ಇರೋ ಅಂಗೆ ಕಾಣೋಳು."

ಅಪ್ಪ ದಿಕ್ಕುತೋಚದೆ ನನ್ನತ್ತ ನೋಡಿದ. "ನೀನಾದ್ರೂ ಹೇಳವ್ವ, ಎಂಗಿದ್ಲು?"

ನಾನು ಗಟ್ಟಿಯಾಗಿ ಕಣ್ಣು ಮುಚ್ಚಿದೆ. ಆ ಅಚ್ಚಿನವಳು ಬಂದು ನಿಂತಳು, ಬಾಯಿ ಮುಚ್ಚಿಕೊಂಡು. ಈ ಮುಪ್ಪಿನಲ್ಲೂ, ಅವ್ವ ಎಂದು ಕರೆದರೆ ಅವಳೇ ಬರುತ್ತಾಳೆ.