ಬಾಗಿಲಿನಿಂದ ಶುರು

ಅವರ ಬಿಳಿ ನಿಲುವಂಗಿಯ ಬಲ ಅಂಚಿನಲ್ಲಿ ಗೇಣುದ್ದದ ಕಪ್ಪು ಕಲೆಯಿತ್ತು, ಸೈಕಲ್ ಚೈನಿನ ಎಣ್ಣೆಯದು. ಪ್ರತಿ ಭಾನುವಾರ ಹುಮನಾಬಾದಿನಿಂದ ರಾಜೇಶ್ವರದ ಮೇಲೆ ಹಾದು ಬಸವಕಲ್ಯಾಣಕ್ಕೆ ಸೈಕಲ್ಲಿನಲ್ಲೇ ಬರುತ್ತಿದ್ದ ನಮ್ಮ ಫಾದರ್, "ಇದು ನನ್ನ ಪಾಪ. ಎಷ್ಟು ಒಗದರೂ ಹೋಗಂಗಿಲ್ಲ ನೋಡ್ರಿ" ಎಂದು ನಗುತ್ತಿದ್ದರು. ಕರಾವಳಿಯವರು, ಎರಡೇ ವರ್ಷದಲ್ಲಿ ನಮ್ಮ ಮಾತು ಕಲಿತಿದ್ದರು.

ಪೂಜೆಗೆ ಬಂದವರ ಲೆಕ್ಕವನ್ನು, ಪ್ರಸಾದ ಸಿಗದವರ ಲೆಕ್ಕವನ್ನು ನಾನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಪ್ರವಚನದ ನಿಮಿಷಗಳನ್ನೂ. ಅವರದು ಎಂದೂ ಒಂಬತ್ತು ದಾಟಲಿಲ್ಲ. ಯಾಕೆಂದು ಕೇಳಿದರೆ, "ಹತ್ತಾದರ ದೇವರೇ ಎದ್ದು ಚಹಾಕ್ಕ ಹೋಗ್ತಾನ."

ನಮ್ಮ ಚರ್ಚ್ ಎಂದರೆ ಒಂದೇ ಕೋಣೆ. ಮುಂದೆ ಕುರ್ಚಿಗಳು, ನನ್ನ ಅಪ್ಪನಂಥ ನೌಕರದಾರರಿಗೆ. ಬಾಗಿಲ ಬಳಿ ಚಾಪೆ, ಕಲ್ಲು ಒಡೆಯುವ, ಕೂಲಿ ಮಾಡುವ ಮನೆಗಳವರಿಗೆ. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ. ಪರಮಪ್ರಸಾದದ ತೆಳು ರೊಟ್ಟಿಗಳ ಡಬ್ಬಿ ಬೀದರಿನಿಂದ ಬಸ್ಸಿನಲ್ಲಿ ಬರಬೇಕು. ಡಬ್ಬಿ ಬಾರದ ವಾರ ಉಳಿದಷ್ಟನ್ನೇ ಹಂಚುತ್ತಿದ್ದರು, ಕುರ್ಚಿಗಳಿಂದ ಶುರು ಮಾಡಿ. ಚಾಪೆಯವರಿಗೆ ತಲೆಯ ಮೇಲೆ ಕೈ, ಅಷ್ಟೇ. ಹಿಂದಿನವರು ನಡೆಸಿಕೊಂಡು ಬಂದದ್ದನ್ನೇ ಈ ಫಾದರೂ ನಡೆಸಿದರು.

ಒಂದು ದಿನ ಅವರು ನನ್ನ ಪುಸ್ತಕ ತಿರುವಿದರು. ವರ್ಷದಲ್ಲಿ ಆರು ಸಲ ಕಮ್ಮಿ ಬಿದ್ದಿತ್ತು. ಆರು ಸಲವೂ ಪ್ರಸಾದ ಸಿಗದವರು ಚಾಪೆಯವರೇ. ಅವರ ನಗು ನಿಂತಿತು. "ಇಷ್ಟ ದಿನ ಇದನ್ನ ನಾನೇ ಮಾಡೀನಿ" ಎಂದರು.

ಮುಂದಿನ ಸಲ ಡಬ್ಬಿ ಬಾರದಾಗ ಅವರು ಕುರ್ಚಿಗಳನ್ನು ದಾಟಿ ನೇರ ಬಾಗಿಲಿಗೆ ನಡೆದರು. ಕಲ್ಲು ಒಡೆಯುವ ಮುದುಕಿಯಿಂದ ಶುರು. ನಾವೆಲ್ಲ ಆಯಿ ಎನ್ನುತ್ತಿದ್ದವಳು. ಒಂದೊಂದು ರೊಟ್ಟಿಯನ್ನೂ ಮುರಿಯುತ್ತ ಅಪ್ಪನ ಬಳಿ ಬಂದಾಗ ಉಗುರಿನಷ್ಟು ಚೂರು ಉಳಿದಿತ್ತು.

ಹೊರಗೆ ಬಂದು ಅಪ್ಪ, "ಇದೇನ್ರಿ ಫಾದರ್, ಗುಬ್ಬಿಗೆ ಕಾಳ ಹಾಕಿದಂಗ ಹಾಕಾಕತ್ತೀರಿ?"

"ಉಗುರಿನಷ್ಟರಾಗೂ ದೇವರು ಪೂರಾನೇ ಇದ್ದಾನ್ರಿ. ನಂಬಿಕಿ ಇಲ್ಲೇನು?"

ಆಮೇಲೆ ಡಬ್ಬಿ ತುಂಬಿದ್ದರೂ ಬಾಗಿಲಿನಿಂದಲೇ ಶುರು. ಮೂರು ಭಾನುವಾರ ಕುರ್ಚಿಗಳು ಖಾಲಿ. ಫಾದರನ್ನು ವರ್ಗ ಮಾಡಿರೆಂದು ಬಿಷಪ್ಪರಿಗೆ ಕುರ್ಚಿಯವರ ಅರ್ಜಿ ತಯಾರಾಯಿತು.

"ಮಂದಿ ಕಮ್ಮಿ ಆಗ್ಯಾರಂತ ತೋರಸ್ಬೇಕು, ಆ ಪುಸ್ತಕ ಕೊಡು" ಎಂದರು ಅಪ್ಪ.

"ಕೊಡ್ತೀನಿ. ಆದರ ಒಂದೂ ಹಾಳಿ ಹರೀಬಾರದು. ಪೂರಾ ಕಳಸ್ರಿ."

ಅಪ್ಪ ಅಂದು ಸಂಜೆಯೆಲ್ಲ ಕೂತು ಓದಿದರು. ಬೆಳಿಗ್ಗೆ ಪುಸ್ತಕ ನನ್ನ ಮೇಜಿನ ಮೇಲಿತ್ತು. ಅರ್ಜಿ ಅಪ್ಪನ ಸಹಿಯಿಲ್ಲದೆ ಹೋಯಿತು.

ಫಾದರಿಗೆ ವಿಷಯ ಗೊತ್ತಿತ್ತು. "ಬಿಷಪ್ಪರು ಕರದರ ಸೈಕಲ್ ಮ್ಯಾಲೇ ಹೋಗ್ತೀನಿ. ಹೋಗೂ ತನಕ ಬಾಕಲದಿಂದನ ಶುರು."

ವರ್ಗವಾಯಿತು. ಎಣ್ಣೆ ಕಲೆಯ ಅದೇ ನಿಲುವಂಗಿಯಲ್ಲಿ ಹೋದರು. ಮತ್ತೆ ಅವರನ್ನು ನಾನು ನೋಡಲಿಲ್ಲ.

ಹೊಸ ಫಾದರ್ ಮೊದಲ ಭಾನುವಾರ ಪ್ರಸಾದದ ತಟ್ಟೆ ಹಿಡಿದು ಕುರ್ಚಿಗಳತ್ತ ಬಂದರು. ಅಪ್ಪ ಮೊದಲ ಕುರ್ಚಿಯಲ್ಲಿದ್ದರು.

"ಫಾದರ್ರೇ," ಬಾಗಿಲ ಬಳಿಯಿಂದ ಆಯಿಯ ದನಿ, "ನಮ್ಮಲ್ಲಿ ಇಲ್ಲಿಂದ ಶುರು ಆಗ್ತದ್ರಿ."

ಹೊಸಬರು ಅಪ್ಪನ ಮುಖ ನೋಡಿದರು. ಅಪ್ಪ ಬಾಗಿಲ ಕಡೆ ಕೈ ತೋರಿಸಿದರು.

ಅಂದು ಡಬ್ಬಿ ತುಂಬಿತ್ತು, ಯಾರಿಗೂ ಕಮ್ಮಿ ಬೀಳುವಂತಿರಲಿಲ್ಲ, ಆದರೂ ಬಾಗಿಲಿನಿಂದಲೇ ಶುರು ಎಂದು ನನ್ನ ಪುಸ್ತಕದಲ್ಲಿದೆ.