ಭುಜಕ್ಕೆ ಮಂಗಳವಾರ ಮಾತ್ರ ರಜೆ

ಈಚೆಗೆ ಒಂದು ಬೆಳಿಗ್ಗೆ ಬಲಭುಜಕ್ಕೆ ನೋವಿನ ಮುಲಾಮು ತಿಕ್ಕಿಕೊಂಡು, ಅಂಗಿಗೆ ಅಂಟದಿರಲಿ ಎಂದು ಮೇಲೆ ಪೌಡರ್ ಉದುರಿಸಿಕೊಂಡೆ. ಎರಡು ವಾಸನೆಯೂ ಬೆರೆತು ಮೂಗಿಗೆ ಬಡಿದದ್ದೇ ತಡ, ಬಾಗಲಗುಂಟೆಯ ಕಟಿಂಗ್ ಶಾಪ್ ಅಣ್ಣ ಬೆನ್ನ ಹಿಂದೆ ಬಂದು ನಿಂತಂತಾಯಿತು.

ಹಬ್ಬಕ್ಕೆಂದು ಮನೆಯ ಜೇಡರ ಬಲೆ ತೆಗೆದ ಮರುದಿನ ಶುರುವಾದ ನೋವು ಇದು. ನಾನಂತೂ ಹೃದಯಾಘಾತವೆಂದೇ ತೀರ್ಮಾನಿಸಿದ್ದೆ. ನೋಯುತ್ತಿರುವುದು ಬಲಗಡೆ ಎಂದು ಹೆಂಡತಿ ನೆನಪಿಸಿದಳು. ನನ್ನಂಥ ಪುಕ್ಕಲನ ಹೃದಯ ಯಾವ ಕಡೆ ಬೇಕಾದರೂ ಇದ್ದೀತು. ಡಾಕ್ಟರು ಕೈ ಎತ್ತಿಸಿ, ಇಳಿಸಿ, ಬರ್ಸೈಟಿಸ್ ಎಂದರು. ಭುಜದೊಳಗೆ ದಿಂಬಿನಂಥ ಪುಟ್ಟ ಚೀಲವೊಂದಿದೆ, ಕೈಯನ್ನು ಪದೇ ಪದೇ ಮೇಲೆತ್ತಿದರೆ ಅದು ಉಜ್ಜಿ ಊದಿಕೊಳ್ಳುತ್ತದೆ ಎಂದು ವಿವರಿಸಿದರು. ಇದೇ ಮಾತನ್ನು ವರ್ಷಗಳ ಹಿಂದೆ ಅಣ್ಣನ ಬಾಯಲ್ಲಿ ಕೇಳಿದ್ದೆ...

ಅಣ್ಣ ಕುಳ್ಳಗಿದ್ದರು. ಅಂಗಡಿಯ ಒಂದೇ ಕುರ್ಚಿಯ ತಿರುಪು ತುಕ್ಕು ಹಿಡಿದು ಎತ್ತರದಲ್ಲೇ ನಿಂತುಬಿಟ್ಟಿತ್ತು. ಪೀಣ್ಯದ ಕಾರ್ಖಾನೆಗಳ ಅರ್ಧ ತಲೆಗಳು ಭಾನುವಾರ ಅಲ್ಲಿಗೇ ಬರುತ್ತಿದ್ದವು. ಅಷ್ಟೂ ತಲೆಗೆ ಅವರು ಕೈ ಎತ್ತಿಯೇ ಕತ್ತರಿ ಆಡಿಸಬೇಕು. ಕೊನೆಗೊಂದು ದಿನ ಕೈ ಮೇಲೇಳಲಿಲ್ಲ. ಕೆಲವು ವಾರ ಭುಜದ ಮಟ್ಟಕ್ಕಿಂತ ಮೇಲೆ ಎತ್ತಕೂಡದು, ಐಸ್ ಇಡಬೇಕು, ನೋವು ತಗ್ಗಿದ ಮೇಲೆ ಮೆಲ್ಲಗೆ ವ್ಯಾಯಾಮ ಮಾಡಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಅಣ್ಣ ಊರಿಂದ ಬಾಮೈದನನ್ನು ಕರೆಸಿ, ಕುರ್ಚಿ ಅವನಿಗೆ ಬಿಟ್ಟು, ಕಬ್ಬಿನ ಹಾಲಿನ ಅಂಗಡಿಯಿಂದ ತಂದ ಐಸನ್ನು ಟವೆಲಿನಲ್ಲಿ ಸುತ್ತಿ ಭುಜಕ್ಕಿಟ್ಟುಕೊಂಡು ಸ್ಟೂಲಿನ ಮೇಲೆ ಕೂತರು.

ಬಾಮೈದ ಬಟ್ಟೆ ಕೊಡವಿ ನಿಂತ. ಬೆಂಚಿನಿಂದ ಯಾರೂ ಏಳಲಿಲ್ಲ.

"ನೀವೇ ಮಾಡಿ ಅಣ್ಣ. ಅರ್ಜೆಂಟೇನಿಲ್ಲ, ಕಾಯ್ತೀವಿ" ಎಂದೆವು. ಅದನ್ನು ನಾವು ವಿಶ್ವಾಸ ಅಂದುಕೊಂಡಿದ್ದೆವು. ತುಂಬಿದ ಬೆಂಚನ್ನೂ ಖಾಲಿ ಕುರ್ಚಿಯನ್ನೂ ಎಷ್ಟು ಹೊತ್ತು ನೋಡಿಯಾರು? ಅಣ್ಣ ಐಸನ್ನು ಮೋರಿಗೆ ಸುರಿದು, ಭುಜಕ್ಕೆ ಮುಲಾಮು ತಿಕ್ಕಿಕೊಂಡು ಎದ್ದರು. ಅಂದು ಬಾಮೈದನ ಕತ್ತರಿಗೆ ಸಿಕ್ಕ ತಲೆ ಅಣ್ಣನದೊಂದೇ.

ಅವರು ನರಳುವುದು ಕೇಳಲಾಗದೆ ನಾವೊಂದು ಉಪಾಯ ಹೂಡಿದೆವು. ತಲೆ ತಗ್ಗಲಿ ಎಂದು ಕುರ್ಚಿಯಲ್ಲಿ ಕೆಳಕ್ಕೆ ಜಾರಿ ಕೂರುವುದು. ಒಬ್ಬರನ್ನು ನೋಡಿ ಒಬ್ಬರು ಕಲಿತೆವು.

"ನೇರ ಕೂತ್ಕೊಳ್ಳಿ ಸಾರ್," ಅಣ್ಣ ರೇಗುತ್ತಿದ್ದರು. "ಕಟಿಂಗ್ ಸೊಟ್ಟ ಆದ್ರೆ ಜನ ನಿಮ್ಮನ್ನೇನ್ ಬೈಯಲ್ಲ, ನನ್ನ ಬೈತಾರೆ."

"ರೆಸ್ಟ್ ಮಾಡಿ ಅಂದಿದ್ರಲ್ವಾ ಅಣ್ಣ?"

"ಮಂಗಳವಾರ ಮಾಡ್ತೀನಲ್ಲ."

ಮಂಗಳವಾರ ಕಟಿಂಗ್ ಶಾಪುಗಳಿಗೆ ರಜೆ. ಡಾಕ್ಟರು ಕೇಳಿದ ವಾರಗಳನ್ನು ಅವರು ಹಾಗೆ ಬಿಡಿಬಿಡಿಯಾಗಿ ತೀರಿಸಹೊರಟಿದ್ದರು. ಕೆಲಸವಿಲ್ಲದ ಬಾಮೈದ ಊರಿಗೆ ವಾಪಸಾದ. ಆಮೇಲೆ ಅಣ್ಣನ ಕೈ ಸೊಂಟದಿಂದ ಮೇಲೆ ಬರುವುದೇ ಕಷ್ಟವಾಗಿ ಅಂಗಡಿ ಮುಚ್ಚಿತು. ಈಗಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಮುಂದೊಮ್ಮೆ ಜಾಲಹಳ್ಳಿಯ ಅಪಾರ್ಟ್‌ಮೆಂಟೊಂದರ ಗೇಟಿನಲ್ಲಿ ಸೆಕ್ಯುರಿಟಿ ಸಮವಸ್ತ್ರದಲ್ಲಿ ಅವರನ್ನು ಕಂಡೆ. ಸಲಾಮು ಹೊಡೆದದ್ದು ಎಡಗೈಯಲ್ಲಿ. ಆಮೇಲೆ ನನ್ನ ಸುತ್ತ ಒಂದು ಪ್ರದಕ್ಷಿಣೆ ಬಂದು, "ಯಾರ್ ಸಾರ್ ಇದನ್ನ ಮಾಡಿದ್ದು? ಹಿಂದೆ ಏರುಪೇರಾಗಿದೆ" ಎಂದರು. ಮತ್ತೆ ಹೋದಾಗ ಗೇಟಿನಲ್ಲಿ ಬೇರೆ ಯಾರೋ ಇದ್ದರು...

ನನ್ನ ಭುಜ ವಾಸಿಯಾಗುತ್ತಿದೆ. ಕೈ ಎತ್ತಬೇಡಿ ಅಂದರು, ಎತ್ತಲಿಲ್ಲ. ಆಫೀಸಿನವರು ನನ್ನ ಕೆಲಸ ಪಕ್ಕದವರಿಗೆ ಕೊಟ್ಟರು, ಯಾರೂ ನನಗಾಗಿ ಕಾಯಲಿಲ್ಲ. ಅಣ್ಣನಿಗೂ ಬೇಕಿದ್ದದ್ದು ಅಷ್ಟೇ. ಕೆಲವು ಭಾನುವಾರ ನಾವು ಬಾಮೈದನ ಕತ್ತರಿಗೆ ತಲೆ ಕೊಟ್ಟಿದ್ದರೆ ಸಾಕಿತ್ತು.

ನಿನ್ನೆ ಏಸಿ ಸಲೂನಿಗೆ ಹೋಗಿದ್ದೆ. ಪೆಡಲ್ ಒತ್ತಿದೊಡನೆ ಕುರ್ಚಿ ಬೇಕಾದಷ್ಟು ತಗ್ಗಿತು. ಕತ್ತರಿ ಹಿಡಿದವರು ಭುಜ ತಟ್ಟಿ, "ಸಾರ್, ಸ್ವಲ್ಪ ನೇರ ಕೂತ್ಕೊಳ್ಳಿ" ಎಂದಾಗಲೇ ಗೊತ್ತಾಯಿತು, ನಾನು ಆಗಲೇ ಕೆಳಕ್ಕೆ ಜಾರಿ ಕೂತಿದ್ದೆ.